ಎರಡನೇ ದಿನ ಕೊಟ್ಟ ಸಾಕ್ಷಿ

“ಹಲೋ... ಯಾರು ಮಾತಾಡ್ತಿರೋದು?”

ಹೆಂಡತಿ ಹೋದ ಸುದ್ದಿ ಆ ಮುದುಕರಿಗೆ ತಿಳಿದದ್ದು ಇದೇ ಫೋನಿನಲ್ಲಿ. ಎಂಟು ತಿಂಗಳ ಹಿಂದೆ ಬೆಳಗಿನ ಪ್ರಾರ್ಥನೆ ಮುಗಿಸಿ ಮಂದಿರದ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದಾಗ ಪಕ್ಕದ ಮನೆಯಾಕೆ ಕರೆ ಮಾಡಿ, ಬೇಗ ಬನ್ನಿ ಎಂದಷ್ಟೇ ಹೇಳಿದ್ದಳು. ಉಳಿದದ್ದೆಲ್ಲ ಆ ದನಿಯಲ್ಲೇ ಇತ್ತು. ಅಂದಿನಿಂದ ಗುರುತಿಲ್ಲದ ನಂಬರು ಕಂಡರೆ ಅವರ ಕೈ ತಡೆಯುತ್ತಿತ್ತು.

“ಹಾಂ... ಹೌದು, ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದವನು ನಾನೇ. ನಂಬರು ಯಾರು ಕೊಟ್ರು?... ಪ್ರೆಸ್ಸಿನವರಾ. ಹೇಳಮ್ಮ.”

...

“ಯಾವ ವೆಬ್‌ಸೈಟು?... ಕೊರಳಿಗೆ ಹಾಕೋ ಗುಂಡಿ. ಒತ್ತಿದ್ರೆ ಕಾಲು ಗಂಟೆಯೊಳಗೆ ನರ್ಸ್ ಮನೆಗೆ... ಹಾಂ. ಅದೇ ಕಂಪನಿ.”

ಅವರು ಗೋಡೆಗೆ ಒರಗಿ ಕುಳಿತರು. ಆ ಪುಟದಲ್ಲಿ ಹೊಗಳಿದವರ ಸಾಲಿನಲ್ಲಿ ಮೊದಲ ಮುಖ ಅವರ ಹೆಂಡತಿಯದು. ಕೆಳಗೆ ಮುದುಕರದೇ ಮಾತು, ಅವರ ಹೆಸರು, ಕಸುಬು, ಪ್ರೆಸ್ಸಿನ ಹೆಸರು. ಓದಿದವರು ಒಂದು ದಿನ ಹುಡುಕಿಕೊಂಡು ಬಂದೇ ಬರುತ್ತಾರೆಂದು ಅವರು ಹೆದರುತ್ತಲೇ ಇದ್ದರು.

“ಯಾರಿಗೆ ಹಾಕಿಸ್ತೀರಿ?... ಅಮ್ಮನಿಗಾ. ಹಗಲೆಲ್ಲ ಒಬ್ಬರೇ, ಅಲ್ವಾ?... ಸಹಿ ಯಾವತ್ತು?... ಇವತ್ತೇ ಸಂಜೆ.”

...

“ಹನ್ನೆರಡು ಸಾವಿರ ಮನೆಗಳ ನಂಬಿಕೆ ಅಂತ ಇದೆ, ಹಾಂ. ಎಣಿಸಿದವರು ಯಾರು ಅಂತ ಇದೆಯಾ?... ಇಲ್ಲ ಅಲ್ವಾ. ಆ ಪ್ರಮಾಣಪತ್ರ ಒತ್ತಿ ನೋಡಿದ್ರಾ?... ತೆರೆಯಲ್ಲ. ಬರೀ ಚಿತ್ರ. ಕೊಟ್ಟವರ ಹೆಸರಿಲ್ಲ, ತಾರೀಕಿಲ್ಲ... ನೀವೂ ನೋಡಿದ್ರಾ. ಹಾಗಾದ್ರೆ ಉಳಿದದ್ದು ನನ್ನ ಮಾತೊಂದೇ.”

ಚೆನ್ನಾಗಿದೆ ಎಂದು ಹೇಳಿ ಫೋನ್ ಇಟ್ಟುಬಿಡಬಹುದಿತ್ತು.

“‘ಮೂರು ವರ್ಷದಿಂದ ನೆಮ್ಮದಿಯಾಗಿದ್ದೇವೆ’ ಅಂತ ಇದೆಯಲ್ಲ ತಾಯಿ... ಅದನ್ನು ಕೊಟ್ಟದ್ದು ಗುಂಡಿ ಹಾಕಿದ ಎರಡನೇ ದಿನ.”

...

“ಹಾಂ, ಎರಡನೇ ದಿನ. ಹಾಕೋಕೆ ಬಂದಿದ್ದಾಕೆ ಮತ್ತೆ ಬಂದು, ಎರಡು ಒಳ್ಳೇ ಮಾತು ಹೇಳಿ ತಾತ ಅಂದಳು. ದಾಕ್ಷಿಣ್ಯ ನೋಡಿ, ಚೆನ್ನಾಗಿದೆಯಮ್ಮ ಅಂದೆ. ಮೂರು ವರ್ಷ ಅಂತ ಸೇರಿಸಿದ್ದು ಅವರು... ನೋಡಿದೆ. ಒಪ್ಪಿಗೆಗೆ ಕಳಿಸಿದ್ರು, ಓದಿದೆ, ಬಿಟ್ಟೆ. ನಲವತ್ತು ವರ್ಷ ಊರವರ ತಪ್ಪೆಲ್ಲ ತಿದ್ದಿದೆ. ನನ್ನ ಹೆಸರಲ್ಲಿ ಅಚ್ಚಾದದ್ದು ಅದೊಂದೇ, ಅದೂ ಸುಳ್ಳು.”

ಮೂಲಪ್ರತಿ ಪಕ್ಕದಲ್ಲಿಲ್ಲದೆ ಒಂದು ಪುಟಕ್ಕೂ ಸಹಿ ಹಾಕಿದವರಲ್ಲ ಅವರು. ಯಮ ಓಲೆ ತಂದರೂ ಮೂಲ ಎಲ್ಲಿ ಎಂದು ಕೇಳುವ ಆಸಾಮಿ ಎಂದು ಪ್ರೆಸ್ಸಿನವರು ನಗುತ್ತಿದ್ದರು.

“ಅವಳಾ?... ಗುಂಡಿ ಹಾಕಿದ ನಾಲ್ಕನೇ ತಿಂಗಳು ಬಚ್ಚಲಲ್ಲಿ ಬಿದ್ದಳು. ಒತ್ತಿದಳು ತಾಯಿ, ಒತ್ತಲಿಲ್ಲ ಅಂತಲ್ಲ. ನಡುಮನೆಯಲ್ಲಿ ಕಂಪನಿಯವರು ಇಟ್ಟಿದ್ದ ಪೆಟ್ಟಿಗೆ ‘ದಯವಿಟ್ಟು ಕಾಯಿರಿ’ ಅಂತ ಶುರು ಮಾಡ್ತು. ಮುಕ್ಕಾಲು ಗಂಟೆ ಅದೇ ಮಾತು. ಇದೇನು ನಿಲ್ತಾನೇ ಇಲ್ಲವಲ್ಲ ಅಂತ ಪಕ್ಕದ ಮನೆಯಾಕೆ ಬಾಗಿಲು ಒಡೆಸಿದ್ದು... ಇಲ್ಲ. ಅಷ್ಟರಲ್ಲಾಗಲೇ.”

...

“ಕೇಳಿ, ಕೇಳಬೇಕಾದ್ದೇ. ಯಾಕೆ ತೆಗೆಸಲಿಲ್ಲ ಅಂತ.”

ಮನೆಯ ಫೋಟೋಗಳಲ್ಲೆಲ್ಲ ಆಕೆ ಮುರಿದ ಮುಂದಿನ ಹಲ್ಲು ಕಾಣದಂತೆ ತುಟಿ ಬಿಗಿದು ನಿಂತವಳು. ಕಂಪನಿಯಾಕೆ ಫೋಟೋ ತೆಗೆದ ದಿನ ಗಂಡ ಗುಂಡಿಯ ದಾರವನ್ನು ತಮ್ಮ ಕೊರಳಿಗೆ ಹಾಕಿ ತೋರಿಸಲು ಹೋಗಿ ಕನ್ನಡಕಕ್ಕೆ ಸಿಕ್ಕಿಸಿಕೊಂಡು ಒದ್ದಾಡಿದಾಗ, ಹಲ್ಲಿನ ನೆನಪೇ ಇಲ್ಲದೆ ನಕ್ಕುಬಿಟ್ಟಿದ್ದಳು. ಆ ನಗು ಇದ್ದದ್ದು ಕಂಪನಿಯ ಪುಟದಲ್ಲಿ ಮಾತ್ರ.

“ಮಾತು ತೆಗೆಸಿದ್ರೆ ಫೋಟೋನೂ ಹೋಗುತ್ತಲ್ಲ... ದಿನಾ ನೋಡ್ತೀನಿ. ಕೆಳಗಿನ ಸಾಲನ್ನು ಹೆಬ್ಬೆರಳಿಂದ ಮುಚ್ಚಿ ನೋಡ್ತೀನಿ. ಅದನ್ನು ಓದಿ ಎಷ್ಟು ಜನ ಸಹಿ ಹಾಕಿದ್ರೋ. ಅವಳ ಮುಖ ತೋರಿಸಿ ನಂಬಿಸಿದವರು ಅವರು. ಸುಮ್ಮನಿದ್ದವನು ನಾನು.”

...

“ಏನಂದ್ರಿ?... ಫೋಟೋ ಮೇಲೆ ಬೆರಳು ಒತ್ತಿ ಹಿಡಿದ್ರೆ ನಮ್ಮ ಫೋನಿಗೆ ಬರುತ್ತಾ?... ಅಷ್ಟೇನಾ?”

ಅವರ ಮುಖ ಉರಿಯಿತು. ಎಂಟು ತಿಂಗಳ ಮೌನಕ್ಕೆ ಇದ್ದ ನೆಪ ಒಂದು ಬೆರಳಿನ ಕೆಲಸವಾಗಿತ್ತು. ಯಾರನ್ನಾದರೂ ಕೇಳಿದ್ದರೆ ಹೇಳುತ್ತಿದ್ದರು. ಕೇಳಿರಲಿಲ್ಲ.

“ಕಳಿಸ್ತೀರಾ?... ದೊಡ್ಡ ಉಪಕಾರ. ಈಗಲೇ ಕೂತು ಅವರಿಗೆ ಬರೀತೀನಿ, ಆ ಮಾತು ಸುಳ್ಳು, ತೆಗೀರಿ ಅಂತ. ನಕಲು ನಿಮಗೂ ಕಳಿಸ್ತೀನಿ, ಯಾರಿಗೆ ಬೇಕಾದ್ರೂ ತೋರಿಸಿ... ಇವತ್ತು ಸಹಿ ಹಾಕಬೇಡಿ ತಾಯಿ. ಬೇರೆಯವರ ಹತ್ತಿರ ಹೋದ್ರೂ, ಮೊದಲು ನೀವೇ ಗುಂಡಿ ಒತ್ತಿ, ಗಡಿಯಾರ ನೋಡ್ತಾ ಕೂತ್ಕೊಳ್ಳಿ. ಯಾರು ಬರ್ತಾರೆ, ಎಷ್ಟು ಹೊತ್ತಿಗೆ ಬರ್ತಾರೆ. ನಾನು ಅಷ್ಟೂ ಮಾಡಲಿಲ್ಲ.”

...

“ನನ್ನ ಹತ್ತಿರ ಯಾಕಮ್ಮ ಕ್ಷಮೆ ಕೇಳ್ತೀರಿ. ಕೇಳಬೇಕಾದವನು ನಾನು... ಒಂದೇ ಒಂದು ಮಾತು. ನೀವು ಕೈ ಮುಗಿಯೋವಾಗ ಅವಳನ್ನೂ ಸ್ವಲ್ಪ... ಹಲೋ?... ಹಲೋ, ಕೇಳಿಸ್ತಿದೆಯಾ?”

ಕರೆ ಕಡಿದುಹೋಗಿತ್ತು. ಅಷ್ಟರಲ್ಲಿ ಫೋಟೋ ಬಂದಿತು. ಕೆಳಗೆ ಯಾವ ಸಾಲೂ ಇಲ್ಲದ ನಗು. ಹೆಬ್ಬೆರಳು ಅಭ್ಯಾಸದಿಂದ ಮುಂದೆ ಹೋಗಿ, ಮುಚ್ಚಲು ಏನೂ ಇಲ್ಲದೆ ನಿಂತಿತು. ಅವರು ಕಣ್ಣು ಮುಚ್ಚಿ, ಆ ಕಡೆ ಯಾರೂ ಇಲ್ಲದ ಫೋನನ್ನು ಮತ್ತೆ ಕಿವಿಗೆ ಹಿಡಿದರು.

“ದೇವರೇ, ಅವಳ ಆತ್ಮಕ್ಕೆ ಶಾಂತಿ ಕೊಡು. ಕರೆದು ಕರೆದು ಕಾದವಳು. ನೀನು ಕಾಯಿಸಬೇಡ.”