ಅಕ್ಕಿಕಾಳಿನ ಮಬ್ಬು

ಜಮಖಂಡಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕುಳಿತಿದ್ದ ಬಾಡಗಂಡಿಯ ಶಿದ್ರಾಮಪ್ಪನವರು, ಮಗಳ ಮದುವೆಯ ಕ್ಯಾಸೆಟ್ಟನ್ನು ವಿಡಿಯೋ ಅಂಗಡಿಯ ದಶರಥನಿಗೆ ತಿರುಗಿ ಕೊಟ್ಟರು.

“ಹೋಳಿಗಿ ತಣ್ಣಗದಾವ ಅಂತ ನಾಕ ಮಂದ್ಯಾಗ ನನ್ನ ಮರ್ಯಾದಿ ತೆಗದ, ಹಿಪ್ಪರಗ್ಯಾಗಿರೂ ನನ್ನ ಹೆಂಡ್ತಿ ಅಣ್ಣ. ಅವನ ಮಾರಿ ಮಬ್ಬು ಮಾಡಂದ್ರ ಮಗಳ ಮಾರೀನೂ ಮಬ್ಬು ಮಾಡೀಯಲ್ಲೋ!”

“ತಲಿ ಮ್ಯಾಲೆ ಅಕ್ಕಿಕಾಳು ಬೀಳೂಮುಂದ ಸೋದರಮಾವ ಮದುಮಗಳ ಬೆನ್ನಿಗೇ ನಿಂತಾರ್ರೀ.”

“ಮಬ್ಬಿನ ಚೌಕ ಸಣ್ಣದು ಮಾಡು.”

“ಮಾಡಿದ್ರ ಅವರ ಮೀಸಿ ಕಾಣತಾವ. ನಿಮ್ಮ ಸಿಟ್ಟಿನಷ್ಟು ಸಣ್ಣ ಚೌಕ ನನ್ನ ಮಷೀನಿನ್ಯಾಗ ಇಲ್ರೀ.”

“ಹಂಗಾದ್ರ ಅಂವ ಇದ್ದಷ್ಟೂ ಕತ್ತರಿಸಿ ಒಗಿ.”

“ಒಗೀತೇನ್ರೀ. ಬರೂ ತಿಂಗಳ ಸಣ್ಣ ಮಗಳ ಮದುವ್ಯಾಗ ಆಕಿ ಬೆನ್ನಿಗೆ ನನ್ನ ಮಷೀನ್ ನಿಂದ್ರಸತೀರೇನು?”

ಬಾಡಗಂಡಿಯ ಬಸ್ಸು ಬಂದು ಹೋಯಿತು, ಶಿದ್ರಾಮಪ್ಪನವರು ಏಳಲಿಲ್ಲ. ಹಿಪ್ಪರಗಿಯ ಬಸ್ಸು ಹತ್ತುತ್ತ ದಶರಥನತ್ತ ತಿರುಗಿ ಕೇಳಿದರು:

“ಖರೆ ಹೇಳು, ಹೋಳಿಗಿ ತಣ್ಣಗಿದ್ದುವೇನು?”