ಈ ಕಾಲರು ಯಾರ ಕತ್ತಿಗೆ?

ಅದ್ನೇ ಯೋಳ್ತಿರೋದು ಕಣವ್ವ, ಫೋನಲ್ಲಿ ತರ್ಸಿದ ಅಂಗಿ ತೋಳು ಉದ್ದ ಆದ್ರೆ ವಾಪಸ್ ಕಳುಸ್ತೀನಿ ಅಂತೀಯಲ್ಲ, ನಮ್ ಕಾಲ್ದಲ್ಲಿ ಅಂಗಿ ಕೆಟ್ರೆ ಟೈಲರ್ ಮುಂದೆ ನಿಂತು ಬಾಯಿಗ್ ಬಂದಂಗೆ ಬಯ್ತಿದ್ವು. ಮದ್ದೂರು ಪ್ಯಾಟೇಲಿ ಬುಡನ್ ಸಾಬ್ರು ಅಂತ ಟೈಲರು. ನಿಮ್ ತಾತ ತೀರ್ಕಂಡ್ಮೇಲೆ ನಂಗೆ ಒಲಿಗೆ ಕಲಿಸ್ದೋರು ಅವ್ರೆ, ಕಾಸು ಈಸ್ಕಳ್ದೆ. ನಿಡಘಟ್ಟದಿಂದ ದಿನಾ ಬಸ್ಸಲ್ಲಿ ಓಗಿ ಗುಂಡಿ ಕಟ್ತಿದ್ದೆ. ಅಲ್ಲಲ್ಲ, ಮೊದ್ಲು ಬರೀ ಕಸ ಗುಡುಸ್ದೆ, ಆಮೇಲೆ ಗುಂಡಿ, ಆಮೇಲೆ ಇಡೀ ಅಂಗಿ. ನನ್ನ ಬೇಟಿ, ಅಂದ್ರೆ ಮಗ್ಳು, ಅಂತ್ಲೇ ಕೂಗೋರು.

ಆಮೇಲೆ ಸೋಮನಹಳ್ಳಿ ತಾವ ಗಾರ್ಮೆಂಟ್ಸು ಬಂತು. ಅಮೇರಿಕದೋರು ಆಕೋ ಅಂಗಿ, ಗೊತ್ತಾ, ನಾವೊಬ್ರೂ ಆಕಂಡ್ ನೋಡ್ನಿಲ್ಲ. ಸಾಬ್ರಿಗೆ ಒಂದ್ ಮಾತೂ ಯೋಳ್ದೆ ಓಗ್ ಸೇರ್ಕಂಡೆ. ನಂಗೆ ಕೊಟ್ಟಿದ್ದು ಕಾಲರು. ಬೆಳಿಗ್ಗೆ ಕೂತ್ರೆ ಸಂಜೆಗಂಟ ಕಾಲರು, ಕಾಲರು, ಕಾಲರು. ತೋಳಿಗೆ ಒಬ್ಳು, ಜೇಬಿಗೆ ಒಬ್ಳು. ಉಚ್ಚೆಗೆ ಎದ್ರೂ ಬೈಗ್ಳ. ಕೈ ಚುರುಕು ಅಂತ ನನ್ನ ಸೂಪರ್ವೈಜರ್ ಮಾಡುದ್ರು, ಆಗ ನೋಡು, ಕಾಲು ನೆಲದ್ ಮ್ಯಾಲೆ ನಿಲ್ನಿಲ್ಲ. ಅತ್ಲಾಗೆ ಸಾಬ್ರ ಅಂಗ್ಡಿ ಮುಂದೆಲೇ ತಳ್ಳೋಗಾಡೀಲಿ ರೆಡಿಮೇಡು ರಾಶಿ ಬಿತ್ತು. ನಾವು ಒಲ್ದು ಪಾಸಾಗ್ದೆ ಇದ್ದ ಅಂಗಿಗಳೇ ಕಣ್ರವ್ವ ಅವು! ಅಂಗ್ಡಿ ಮುಚ್ತು. ಒಂದಿನ ಸಾಬ್ರು ಕೆಲ್ಸ ಕೇಳ್ಕಂಡು ನಮ್ ಗೇಟಿಗೇ ಬಂದ್ರು, ಬಿಳಿ ಗಡ್ಡ, ಕಿವಿ ಮ್ಯಾಲೆ ಪೆನ್ಸಿಲ್ಲು. ಪರೀಕ್ಷೆ ಮಾಡೋಳು ನಾನೇ. ಒಳಕ್ ಕರ್ದು ಕಾಲರ್ ಬಟ್ಟೆ ಕೊಟ್ಟೆ. ಅವ್ರು ಟೇಪು ತಗುದು, "ಯಾರ ಕತ್ತಿಗೆ ಬೇಟಿ ಇದು? ಅಳತೆ ಕೊಡು" ಅಂದ್ರು. ಮಿಸನ್ ಲೈನಲ್ಲಿ ಕೂತಿದ್ದೋರೆಲ್ಲ ಗೊಳ್ ಅಂತ ನಕ್ರು. ನಾನೂ ನಕ್ಬುಟ್ಟೆ. ನಕ್ಕಿದ್ದಷ್ಟೇ ಅಲ್ಲ, ಮ್ಯಾನೇಜರ್ ನೋಡ್ತಾವ್ನೆ ಅಂತ, "ಮುದುಕ್ರಿಗೆ ಇಲ್ಲಿ ಕೆಲ್ಸ ಇಲ್ಲ, ಜಾಗ ಬುಡಿ" ಅಂದೆ. ನನ್ ಬಾಯಿಗೆ ಮಣ್ಣಾಕ.

ಆಮೇಲೆ ಏನಾಯ್ತು? ಬ್ಯಾರೆ ದೇಸ್ದಲ್ಲಿ ನಮ್ಗಿಂತ ಅಗ್ಗಕ್ಕೆ ಒಲ್ಯೋರು ಸಿಕ್ಕುದ್ರಂತೆ, ಒಂದ್ ಸೋಮಾರ ಓದ್ರೆ ಗೇಟಿಗೆ ಬೀಗ. ಮಾನ ಬುಟ್ಟು ಸಾಬ್ರ ಮನೆಗೇ ಓದೆ. ಮನೆ ಜಗಲೀಲಿ ಮಿಸನ್ ಇಟ್ಕಂಡು ಅರ್ದಿದ್ದು ಅರ್ಕಲು ಒಲೀತಿದ್ರು, ನಾಕ್ ಜನ ಕಾಯ್ಕಂಡ್ ಕೂತಿದ್ರು. "ಸಾಬ್ರೆ, ಏನಾರ ಕೆಲ್ಸ ಕೊಡಿ" ಅಂದೆ. ಬಟ್ಟೆ, ಕತ್ರಿ ಮುಂದಕ್ ತಳ್ಳಿ, ಕಾಯ್ತಿದ್ದೋರಲ್ಲಿ ಒಬ್ರನ್ನ ತೋರ್ಸಿ, "ಇವ್ರ ಅಳತೆ ತಗಂಡು ಒಂದು ಅಂಗಿ ಒಲೀರಿ" ಅಂದ್ರು. ಕತ್ರಿ ಇಡ್ಕಂಡೆ, ಕೈ ಓಡ್ನಿಲ್ಲ. ಎದೆಗೆಷ್ಟು ಬುಡ್ಬೇಕು, ತೋಳು ಎಲ್ಲಿ ಕತ್ರುಸ್ಬೇಕು, ಒಂದೂ ಗೆಪ್ತಿಲ್ಲ, ಅವ್ರೇ ಕಲಿಸಿದ್ದು! ಕಾಲರ್ ಒಂದು ಒಲ್ದು ಕೊಟ್ಟೆ. ಸಾಬ್ರು ಅದ್ನ ಮ್ಯಾಲಕ್ಕೆತ್ತಿ ಎಲ್ರುಗೂ ತೋರ್ಸಿ, "ಅಂಗಿ ಎಲ್ಲಿ ಅಮ್ಮ?" ಅಂದ್ರು. ಬೇಟಿ ಅನ್ನೋದ ಬುಟ್ಬುಟ್ಟಿದ್ರು. ಒಬ್ರೂ ನಗ್ನಿಲ್ಲ, ನಕ್ಕಿದ್ರೆ ವಾಸಿಯಾಗಿತ್ತು. "ಜಾಗ ಬುಡಿ" ಅಂದ್ರು, ನಾನಂದಂಗೇ.

ಕಾಲರ್ ಒಂದ್ನೇ ಕಲ್ತೋರ ಮೈ ಬೆತ್ಲೇಯ ಕಣ್ರವ್ವ. ಏಳಿ, ಮುದ್ದೆ ಆರೋಯ್ತದೆ.