ತೋಳುಬಂದಿಯ ಮೇಲ್ಗಡೆ ಚುಚ್ಚಿದ ಸೂಜಿ

ನನ್ನ ಹೆಸರು ಬೈರೇಶ್, ತಂದೆ ಲೇಟ್ ಪಾಪಯ್ಯ, 43 ವರ್ಷ, ಬಾಶೆಟ್ಟಿಹಳ್ಳಿಯ ಖಾಸಗಿ ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸ, ವಾಸ ದೊಡ್ಡಬಳ್ಳಾಪುರ ಟೌನ್. ಇಪ್ಪತ್ತು ವರ್ಷದಿಂದ ಪೌರಾಣಿಕ ನಾಟಕಗಳಲ್ಲಿ ಗದೆ ಹಿಡಿಯುವ ಪಾತ್ರ ನನ್ನದೇ. ಇಂದು ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ದಿನಾಂಕ 24-11-2024ರ ಭಾನುವಾರ ಕಾರ್ಖಾನೆಯಲ್ಲಿ ರಾಜ್ಯೋತ್ಸವ. ಮಧ್ಯಾಹ್ನ 12ಕ್ಕೆ ನಮ್ಮ ನಾಟಕ. ಬೆಳಿಗ್ಗೆಯಿಂದ ಕ್ಯಾಂಟೀನಿನಲ್ಲಿ ಒಂದು ಖಾಸಗಿ ಕ್ಲಿನಿಕ್‌ನವರು ಕಾರ್ಮಿಕರಿಗೆ ಫ್ಲೂ ಲಸಿಕೆ ಹಾಕುತ್ತಿದ್ದರು. 11-20ಕ್ಕೆ ನಾನು ಕಿರೀಟವೊಂದು ಬಿಟ್ಟು ಪೂರ್ತಿ ವೇಷದಲ್ಲಿದ್ದೆ. ಆಗ ಹೆಚ್.ಆರ್. ಪ್ರಮೋದಾ ಮೇಡಂ ಬಂದು, 11-30ಕ್ಕೆ ಲಸಿಕೆಯ ಪಟ್ಟಿ ಮುಚ್ಚುತ್ತದೆ, ಎದ್ದು ಬನ್ನಿ ಎಂದರು. ಮೇಕಪ್ಪಿನ ಮುನಿಸ್ವಾಮಿ ನನ್ನ ಎರಡು ತೋಳಿಗೂ ತೋಳುಬಂದಿ ಇಟ್ಟು ದಾರದಲ್ಲಿ ಬಿಗಿದಿದ್ದ. ಬಿಚ್ಚಿದರೆ ಮತ್ತೆ ಕಟ್ಟೋಕೆ ಅರ್ಧ ಗಂಟೆ, ಹಂಗೇ ಹೋಗು ಗುರು ಎಂದ. ಹಾಗೇ ಹೋದೆ.

ಕ್ಯಾಂಟೀನ್ ನಲವತ್ತು ಹೆಜ್ಜೆ. ಸಾಲಿನಲ್ಲಿದ್ದವರು ಮಹಾರಾಜರಿಗೆ ದಾರಿ ಬಿಡ್ರಲೇ ಎಂದು ಕೂಗಿ ದಾರಿ ಬಿಟ್ಟರು. ಲಸಿಕೆ ಹಾಕುತ್ತಿದ್ದ ಕವಿತ ಎಂಬ ನರ್ಸಮ್ಮನವರು ನಕ್ಕು, ಇಷ್ಟು ದಪ್ಪ ಮೀಸೆಗೆ ನಮ್ಮ ಸೂಜಿ ಸಾಲದು ಎಂದರು. ತೋಳುಬಂದಿ ಬಿಚ್ಚಿ ಎನ್ನಲಿಲ್ಲ. ಅದರ ಮೇಲ್ಗಡೆ, ಬಲಭುಜದ ಮೂಳೆಯ ತುದಿಯಿಂದ ಒಂದು ಬೆರಳು ಕೆಳಗೆ ಚುಚ್ಚಿದರು.

12-50ಕ್ಕೆ ಸವಾಲಿನ ದೃಶ್ಯ. ಗುಡುಗಿ ಗದೆ ಎತ್ತಿದೆ. ಕೈ ಎದೆಮಟ್ಟದಲ್ಲೇ ನಿಂತಿತು, ಕಣ್ಣಲ್ಲಿ ನೀರು ಬಂತು. ಜನ ಅಭಿನಯವೆಂದುಕೊಂಡು ಶಿಳ್ಳೆ ಹೊಡೆದರು.

ಅಂದಿನಿಂದ ಕೈ ಎದ್ದಿಲ್ಲ. ದಿನಾಂಕ 3-2-2025ರಂದು ಮೂಳೆ ವೈದ್ಯರು ಸ್ಕ್ಯಾನ್ ನೋಡಿ, ಲಸಿಕೆ ತೋಳಿನ ಮಾಂಸಕ್ಕೆ ಹೋಗದೆ ಭುಜದ ಕೀಲಿಗೆ ಇಳಿದಿದೆ ಎಂದು ಬರೆದುಕೊಟ್ಟಿದ್ದಾರೆ. ಲೋಡಿಂಗ್‌ನಿಂದ ತೆಗೆದು ಗೇಟಿನಲ್ಲಿ ಕೂರಿಸಿದ್ದಾರೆ, ಈ ತಿಂಗಳು ಮುಗಿದರೆ ಅದೂ ಇಲ್ಲವಂತೆ. ಮನೆಯಲ್ಲಿ ಮಗಳು ಕೀರ್ತನ ನನ್ನ ತಲೆ ಬಾಚುತ್ತಾಳೆ.

ಪರಿಹಾರ ಕೇಳಿ ನೋಟಿಸ್ ಕೊಟ್ಟರೆ, ಗದೆ ಬೀಸಿಯೇ ಭುಜ ಹೋಗಿದೆ ಎಂದು ಕ್ಲಿನಿಕ್‌ನವರು ಉತ್ತರ ಕೊಟ್ಟಿದ್ದಾರೆ. ಗದೆಯನ್ನು ಜೊತೆಗೆ ತಂದಿದ್ದೇನೆ. ಬಣ್ಣ ಬಳಿದ ಥರ್ಮಾಕೋಲ್. ಸಾಹೇಬರೇ ಕಿರುಬೆರಳಿನಲ್ಲಿ ಎತ್ತಿ ನೋಡಿದ್ದಾರೆ.

ತೋಳುಬಂದಿಯ ಮಾತು ಎತ್ತಬೇಡಿ, ಕೇಸು ಬಿದ್ದುಹೋಗುತ್ತದೆ ಎಂದು ನನ್ನ ವಕೀಲ ನವೀನ್‌ಕುಮಾರ್ ಅವರು ಹೇಳಿದ್ದರು. ಎತ್ತಿದ್ದೇನೆ. ಅವಸರಕ್ಕೆ ಬಿಚ್ಚದೆ ಹೋದವನು ನಾನೇ. ಆದರೆ ಬಿಚ್ಚಿಸಿ, ಜಾಗ ನೋಡಿ ಚುಚ್ಚುವುದು ಅವರ ಕೆಲಸವಾಗಿತ್ತು. ನನ್ನ ತಪ್ಪನ್ನು ಕಳೆದು ಉಳಿದದ್ದಕ್ಕೆ ಪರಿಹಾರ ಕೇಳುತ್ತೇನೆ. ಕೋರ್ಟಿಗೆ ಕೊಡಲು ಈ ಹೇಳಿಕೆಯ ಪ್ರತಿ ಬೇಕು.

ಬರೆದದ್ದನ್ನು ಓದಿಸಿ ಕೇಳಿದೆ, ನಾನು ಹೇಳಿದ ಹಾಗೇ ಇದೆ, ಎಲ್ಲವೂ ನಿಜ. ಎಡಗೈಯಿಂದ ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟು ಸಹಿ ಮಾಡಿದ್ದೇನೆ.

ಸ್ಥಳ: ದೊಡ್ಡಬಳ್ಳಾಪುರ
ದಿನಾಂಕ: 17-3-2025
ಸಹಿ/- ಬೈರೇಶ್